ಕೆನ್ನೆಗೆ ಬರುವ ಕೋವಿ

ದೆಹಲಿಯ ಲಕ್ಷ್ಮೀ ನಗರದಲ್ಲಿ ಏನನ್ನೂ ಕಲಿಯದೆ ಸುಮ್ಮನಿರುವವರು ಸಿಗುವುದು ಕಷ್ಟ. ಮೆಟ್ರೋ ಮೆಟ್ಟಿಲಿಳಿದರೆ ಸಾಕು, ವಿಕಾಸ ಮಾರ್ಗದ ಗೋಡೆ, ಕಂಬ, ಬಾಲ್ಕನಿಗಳಲ್ಲೆಲ್ಲ ಸಿ.ಎ. ಕೋಚಿಂಗ್ ಮೇಷ್ಟ್ರುಗಳ ನಗುಮುಖ. ಅವುಗಳ ಕೆಳಗೆ ಬೆನ್ನಿಗೆ ಪುಸ್ತಕದ ಮೂಟೆ ಹೊತ್ತ ಹುಡುಗ ಹುಡುಗಿಯರು. ಇಂಥ ಊರಿನ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಸಂಜೆ ಹೊತ್ತು ನಾನೂ ಒಂದು ವಿದ್ಯೆ ಕಲಿಯುತ್ತೇನೆ. ಅದಕ್ಕೆ ಬೋರ್ಡು, ಬ್ಯಾಚು, ಟೆಸ್ಟ್ ಸೀರೀಸ್ ಯಾವುದೂ ಇಲ್ಲ. ಕೋವಿಯನ್ನು ಸೊಂಟದ ಮಟ್ಟದಿಂದ ಕೆನ್ನೆಯ ತನಕ ಎತ್ತುವುದು, ಅಷ್ಟೇ ಸಿಲಬಸ್ಸು.

ಹಾರುವ ಬಿಲ್ಲೆಗೆ ಹೊಡೆಯುವ ಆಟಗಳಲ್ಲಿ ನನಗೆ ಹುಚ್ಚು ಹಿಡಿಸಿದ್ದು ಸ್ಕೀಟ್. ‘ಮಣ್ಣಿನ ಪಾರಿವಾಳ’ ಅನ್ನುತ್ತಾರಾದರೂ ಬಿಲ್ಲೆಯಲ್ಲಿ ಈಗ ಮಣ್ಣಿಲ್ಲ. ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಅಚ್ಚು ಹಾಕಿದ್ದು. 110 ಮಿಲಿಮೀಟರ್ ಅಗಲ, ನೂರು ಗ್ರಾಂ ಆಸುಪಾಸಿನ ತೂಕ. ಎಡಕ್ಕೊಂದು ಎತ್ತರದ ಮನೆ, ಬಲಕ್ಕೊಂದು ಗಿಡ್ಡ ಮನೆ, ನಡುವೆ ಬಾಗಿದ ಸಾಲಿನಲ್ಲಿ ನಿಂತು ಹೊಡೆಯುವ ಜಾಗಗಳು. ಎರಡೂ ಮನೆಗಳಿಂದ ಬಿಲ್ಲೆ ಹಾರುತ್ತದೆ, ಕೆಲವು ಸಲ ಒಟ್ಟೊಟ್ಟಿಗೆ. ಸುತ್ತಿಗೆ 25 ಬಿಲ್ಲೆ. ಒಲಿಂಪಿಕ್ ಸ್ಕೀಟಿನಲ್ಲಿ ಒಂದು ಚೆಂದದ ಕಟ್ಟುಪಾಡಿದೆ: ಬಿಲ್ಲೆ ಕಣ್ಣಿಗೆ ಬೀಳುವ ತನಕ ಕೋವಿಯ ಹಿಂತುದಿ ಜಾಕೆಟ್ಟಿನ ಮೇಲಿನ ಗುರುತುಪಟ್ಟಿಯ ಹತ್ತಿರ, ಮೊಣಕೈ ಮಟ್ಟದಲ್ಲೇ ಇರಬೇಕು. ಬಿಲ್ಲೆ ಬಿಡಿ ಎಂದು ಕೂಗಿದ ತಕ್ಷಣ ಅದು ಬರಬೇಕೆಂದೂ ಇಲ್ಲ, ಮೂರು ಸೆಕೆಂಡಿನೊಳಗೆ ಯಾವಾಗ ಬೇಕಾದರೂ ಬರಬಹುದು. ಬಂದ ಮೇಲೆಯೇ ಎತ್ತಬೇಕು, ಕೆನ್ನೆಗೆ ಕೊಡಬೇಕು, ಹೊಡೆಯಬೇಕು. ಟ್ರ್ಯಾಪ್ ಆಟದಲ್ಲಿ ಹಾಗಲ್ಲ, ಕೋವಿಯನ್ನು ಮೊದಲೇ ಹೆಗಲಿಗೆ ಕೊಟ್ಟು, ಕೆನ್ನೆ ಒರಗಿಸಿಕೊಂಡು ನಿಧಾನವಾಗಿ ಕೂಗಬಹುದು. ಟ್ರ್ಯಾಪಿನವರು ಸಿಟ್ಟಾಗಬಾರದು. ಅವರ ಬಿಲ್ಲೆ ಹೆಚ್ಚು ದೂರದ್ದು, ಎತ್ತ ಹಾರುತ್ತದೆಂದು ಮೊದಲೇ ತಿಳಿಯದ್ದು. ಕಷ್ಟ ಅವರಿಗೂ ಇದೆ. ಆದರೆ ಎತ್ತುವ ಸುಖ ನಮ್ಮದು.

ನನ್ನ ಊರು ಕೊಡಗಿನಲ್ಲಿದೆ. ಅಲ್ಲಿ ಕೋವಿ ಎಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದ ದಿನ ಆಯುಧಗಳನ್ನೆಲ್ಲ ಒರೆಸಿ, ಗಂಧ ಹಚ್ಚಿ, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ. ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಈಡು. ನಮ್ಮ ಮನೆಯಲ್ಲಿ ಇದ್ದದ್ದು ಅಜ್ಜನ ಕಾಲದ ಒಂದೇ ತೋಟಾ ಕೋವಿ. ಆರಡಿ ಮೀರಿದ ದೊಡ್ಡಪ್ಪನೂ ಅದರಲ್ಲೇ ಹೊಡೆಯಬೇಕು, ಐದಡಿ ಮುಟ್ಟದ ಚಿಕ್ಕಮ್ಮನೂ ಅದರಲ್ಲೇ. ದೊಡ್ಡಪ್ಪ ಕತ್ತನ್ನು ಹೆಗಲೊಳಗೆ ಇಳಿಸಿಕೊಂಡು ನಳಿಗೆಯ ಮೇಲೆ ಕಣ್ಣು ತರುತ್ತಿದ್ದರು. ಚಿಕ್ಕಮ್ಮ ಹಿಂತುದಿಯನ್ನು ಹೆಗಲಿನಿಂದಾಚೆ ತೋಳಿನ ಮೇಲೆ ಕೊಟ್ಟುಕೊಂಡು, ಮರುದಿನ ತೋಳಿನ ನೀಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಆದರೂ ಕಾಯಿ ಒಡೆಯುತ್ತಿತ್ತು. ತೆಂಗಿನಕಾಯಿ ಕಟ್ಟಿದಲ್ಲೇ ಇರುತ್ತದೆ. ನಾವು ಕತ್ತು ಹೊಂದಿಸಿಕೊಳ್ಳುವ ತನಕ ಕಾಯುತ್ತದೆ. ಸ್ಕೀಟಿನ ಬಿಲ್ಲೆಗೆ ಆ ದಾಕ್ಷಿಣ್ಯವಿಲ್ಲ, ಒಂದು ಸೆಕೆಂಡು ತುಂಬುವ ಮೊದಲೇ ಮೈದಾನದ ನಡುವೆ ಬಂದುಬಿಡುತ್ತದೆ. ಅಷ್ಟರಲ್ಲಿ ಕತ್ತು ಕೋವಿಗೆ ಹೊಂದುವ ಮಾತೇ ಇಲ್ಲ. ಕೋವಿಯೇ ಮೈಗೆ ಹೊಂದಿರಬೇಕು.

ದೆಹಲಿಯಲ್ಲಿ ನಾವು ಹೊಡೆಯುವುದು ತುಘಲಕಾಬಾದಿನ ಡಾ. ಕರ್ಣಿ ಸಿಂಗ್ ರೇಂಜಿನಲ್ಲಿ. 1982ರ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಿದ್ದು, 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಹೊಸದಾಗಿಸಿದ್ದು. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ 1960ರ ರೋಮ್‌ನಿಂದ 1980ರ ಮಾಸ್ಕೋವರೆಗೆ ಐದು ಒಲಿಂಪಿಕ್ಸ್‌ಗಳಲ್ಲಿ ಹೊಡೆದವರು, 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ತಂದವರು. ಮೆಟ್ರೋದಲ್ಲಿ ಕೋವಿ ಒಯ್ಯುವ ಹಾಗಿಲ್ಲವಾದ್ದರಿಂದ ಲಕ್ಷ್ಮೀ ನಗರದಿಂದ ಟ್ಯಾಕ್ಸಿಯೇ ಗತಿ. ಉದ್ದನೆಯ ಪೆಟ್ಟಿಗೆ ಕಂಡ ಚಾಲಕರು ಯಾವ ವಾದ್ಯ ಎಂದು ಕೇಳುತ್ತಾರೆ. ಕ್ಲಾರಿನೆಟ್ ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಕೋವಿ ಮೈಗೆ ಹೊಂದುವುದೆಂದರೆ ಏನು? ರೈಫಲ್ಲಿಗೆ ಹಿಂದೊಂದು ಮುಂದೊಂದು ಗುರಿಯ ಗುರುತು ಇರುತ್ತದೆ. ನಮ್ಮ ಜೋಡು ನಳಿಗೆ ಕೋವಿಯಲ್ಲಿ ನಳಿಗೆಯ ತುದಿಗೆ ಒಂದು ಪುಟ್ಟ ಮಣಿ ಅಷ್ಟೇ. ಹಿಂದಿನ ಗುರುತು ನಮ್ಮ ಕಣ್ಣು. ಆ ಕಣ್ಣು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಕೆನ್ನೆಯ ಕೆಳಗಿನ ಮರ, ಸ್ಟಾಕು. ಹಾಗಾಗಿ ಇನ್ನೊಬ್ಬರ ಅಳತೆಯ ಕೋವಿಯಲ್ಲಿ ಹೊಡೆಯುವುದೂ ಒಂದೇ, ಇನ್ನೊಬ್ಬರ ಕನ್ನಡಕದಲ್ಲಿ ಪೇಪರ್ ಓದುವುದೂ ಒಂದೇ. ಲೆಕ್ಕ ನೋಡಿ: ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು ಒಂದು ಮೀಟರ್. ಕೆನ್ನೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಕೂತರೆ, 20 ಮೀಟರ್ ದೂರದಲ್ಲಿ ಚರೆಯ ಹರವಿನ ನಡುಭಾಗ 20 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ಬಿಲ್ಲೆ ಇರುವುದೇ 11 ಸೆಂಟಿಮೀಟರ್. ಹೊಡೆಯುವಾಗ ಬಿಲ್ಲೆ ಒಡೆಯಿತೇ ಎಂದು ನೋಡುವ ಆಸೆಗೆ ತಲೆ ಎತ್ತುವವರ ಈಡು ಯಾಕೆ ಮೇಲಿಂದ ಹಾದುಹೋಗುತ್ತದೆ ಎನ್ನುವುದಕ್ಕೂ ಇದೇ ಲೆಕ್ಕ.

ಅಳತೆಗಳಲ್ಲಿ ಎಲ್ಲರೂ ಮೊದಲು ಹಿಡಿಯುವುದು ಉದ್ದವನ್ನು: ಕೋವಿಯ ಕುದುರೆಯಿಂದ, ಅಂದರೆ ಟ್ರಿಗರಿನಿಂದ, ಹಿಂತುದಿಯವರೆಗೆ ಎಷ್ಟು ಎಂದು. ಅಂಗಡಿಯಿಂದ ಬರುವ ಕೋವಿಗಳಲ್ಲಿ 36-37 ಸೆಂಟಿಮೀಟರ್ ಸಾಮಾನ್ಯ. ಹಿಂತುದಿಯನ್ನು ಮೊಣಕೈ ಮಡಿಕೆಗೆ ಕೊಟ್ಟು, ಬೆರಳು ಕುದುರೆಗೆ ತಾಗಿದರೆ ಸರಿ ಎನ್ನುವ ಹಳೆಯ ಪರೀಕ್ಷೆಯೊಂದಿದೆ. ಅದನ್ನು ನಂಬಬೇಡಿ, ಅದು ಮುಂಗೈಯ ಅಳತೆ, ಕತ್ತಿನದ್ದೂ ಅಲ್ಲ, ಎದೆಯದ್ದೂ ಅಲ್ಲ. ಕೋವಿ ಎತ್ತಿ ಕೆನ್ನೆಗೆ ಕೊಟ್ಟಾಗ ಮೂಗಿಗೂ ಹೆಬ್ಬೆರಳ ಗೆಣ್ಣಿಗೂ ನಡುವೆ ಎರಡು ಬೆರಳು ಜಾಗ ಇದೆಯೇ ನೋಡಬೇಕು. ಕಡಿಮೆಯಾದರೆ ಹೆಬ್ಬೆರಳೇ ಮೂಗಿಗೆ ಗುದ್ದುತ್ತದೆ. ಹೆಚ್ಚಾದರೆ ಎತ್ತುವಾಗ ಹಿಂತುದಿ ಕಂಕುಳ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.

ಉದ್ದಕ್ಕಿಂತ ಸೂಕ್ಷ್ಮವಾದದ್ದು ಕೆನ್ನೆ ಕೂರುವ ಅಂಚಿನ ಎತ್ತರ. ಕೆನ್ನೆಮೂಳೆ ಒಬ್ಬರ ಹಾಗೆ ಇನ್ನೊಬ್ಬರಿಗಿರುವುದಿಲ್ಲ. ಈಗಿನ ಸ್ಪರ್ಧೆಯ ಕೋವಿಗಳಲ್ಲಿ ಈ ಅಂಚನ್ನು ಸ್ಕ್ರೂ ತಿರುಗಿಸಿ ಏರಿಸಿ ಇಳಿಸಬಹುದು. ಇಲ್ಲದವರು ರಟ್ಟಿನ ಚೂರನ್ನು ಟೇಪಿನಿಂದ ಅಂಟಿಸಿ ನೋಡಿ, ಸರಿಕಂಡ ಮೇಲೆ ಮರದ ಕೆಲಸದವನ ಹತ್ತಿರ ಹೋಗುವುದು ಜಾಣತನ. ಮರ ಕೆತ್ತಿದರೆ ಮುಗಿಯಿತು, ರಟ್ಟನ್ನು ಕಿತ್ತು ಹಾಕಬಹುದು. ಬಲಗೈಯವರಿಗೆ ಸ್ಟಾಕು ತುಸು ಬಲಕ್ಕೆ ಬಾಗಿರಬೇಕು, ಎಡಗೈಯವರಿಗೆ ಎಡಕ್ಕೆ. ಇನ್ನೂ ಒಂದೆರಡು ಅಳತೆಗಳಿವೆ, ಅವನ್ನೆಲ್ಲ ಹೇಳಹೊರಟರೆ ಓದುಗರು ಪುಟ ತಿರುಗಿಸುತ್ತಾರೆ. ಆದರೆ ಇಷ್ಟೆಲ್ಲ ಮಾಡಿಸುವ ಮೊದಲು ನಿಮ್ಮ ಯಾವ ಕಣ್ಣು ಯಜಮಾನ ಎಂದು ಗೊತ್ತಿರಲಿ. ಎರಡೂ ಕಣ್ಣು ತೆರೆದು, ತೋಳು ಚಾಚಿ, ಹೆಬ್ಬೆರಳಿನಿಂದ ದೂರದ ಯಾವುದಾದರೂ ವಸ್ತುವನ್ನು ಮುಚ್ಚಿ. ಲಕ್ಷ್ಮೀ ನಗರದಲ್ಲಾದರೆ ಎದುರು ತಾರಸಿಯ ಕಪ್ಪು ನೀರಿನ ಟ್ಯಾಂಕು ಇದಕ್ಕೆಂದೇ ಕೂತಿರುತ್ತದೆ. ಎಡಗಣ್ಣು ಮುಚ್ಚಿದಾಗ ಹೆಬ್ಬೆರಳು ಟ್ಯಾಂಕಿನ ಮೇಲೇ ಇದ್ದರೆ ಬಲಗಣ್ಣು ಯಜಮಾನ. ಪಕ್ಕಕ್ಕೆ ನೆಗೆದರೆ ಎಡಗಣ್ಣು. ಬಲ ಹೆಗಲಿನಿಂದ ಹೊಡೆಯುವವರಿಗೆ ಎಡಗಣ್ಣು ಯಜಮಾನನಾದರೆ ಅಳತೆ ಎಷ್ಟೇ ಸರಿಯಿದ್ದರೂ ಕೋವಿ ಒಂದು ಕಡೆ, ಈಡು ಇನ್ನೊಂದು ಕಡೆ. ಆಗ ಕನ್ನಡಕದ ಎಡಗಾಜಿಗೆ ಮಬ್ಬು ಟೇಪಿನ ಚೂರು ಅಂಟಿಸಿಕೊಳ್ಳುತ್ತಾರೆ, ಇಲ್ಲವೇ ಧೈರ್ಯವಿದ್ದವರು ಹೆಗಲನ್ನೇ ಬದಲಿಸುತ್ತಾರೆ.

ಇನ್ನು ಎತ್ತುವ ಸಾಧನೆ. ಇದಕ್ಕೆ ರೇಂಜು ಬೇಡ, ತೋಟಾ ಬೇಡ. ತೋಟಾ ಆ ಕೋಣೆಯಲ್ಲಿ ಇರಲೇಬಾರದು. ಮೊದಲು ಪರದೆ ಎಳೆಯುತ್ತೇನೆ, ಏಕೆಂದರೆ ನಮ್ಮ ಗಲ್ಲಿಯಲ್ಲಿ ಎದುರು ಮನೆಯ ಕಿಟಕಿ ಕೈಗೆಟಕುವ ದೂರದಲ್ಲಿದೆ, ಆ ಮನೆಯ ಆಂಟಿಗೆ ಪೊಲೀಸರ 112 ನಂಬರು ಬಾಯಿಪಾಠ. ಕೋವಿಯನ್ನು ಮಡಿಸಿ ತೆರೆದು ಎರಡೂ ನಳಿಗೆಯಲ್ಲಿ ಬೆಳಕು ಕಾಣುವುದನ್ನು ನೋಡಿಕೊಳ್ಳುತ್ತೇನೆ. ಆಮೇಲೆ ಪೆನ್ನಿನ ಗಾತ್ರಕ್ಕಿಂತ ತುಸು ದಪ್ಪನೆಯ ಟಾರ್ಚಿಗೆ ಎರಡು ಸುತ್ತು ಟೇಪು ಸುತ್ತಿ ನಳಿಗೆಯ ಬಾಯಿಗೆ ಸಿಕ್ಕಿಸಿ ದೀಪ ಆರಿಸಿದರೆ, ಎದುರು ಗೋಡೆಯ ಮೇಲೆ ರೂಪಾಯಿಯಗಲದ ಬೆಳಕು. ಗೋಡೆಯೂ ಸೂರೂ ಸೇರುವ ಗೆರೆಯ ಮೇಲೆ ಆ ಬೆಳಕು ಓಡಬೇಕು. ಮೂಲೆಯಿಂದ ಮೂಲೆಗೆ, ಗೆರೆ ಬಿಡದೆ. ಅದು ಓಡುತ್ತಿರುವಾಗಲೇ ಕೋವಿ ಸೊಂಟದಿಂದ ಏರಿ ಕೆನ್ನೆಗೆ ಬಂದು ಕೂರಬೇಕು.

ಕೇಳುವುದಕ್ಕೆ ಸುಲಭ. ಬಲಗೈ ಅವಸರಪಟ್ಟು ಮೊದಲೇ ಏರಿದರೆ ನಳಿಗೆಯ ಬಾಯಿ ಕೆಳಗಿಳಿಯುತ್ತದೆ, ಬೆಳಕು ಗೆರೆ ಬಿಟ್ಟು ಕ್ಯಾಲೆಂಡರಿನ ಮೇಲೆ ಬಂದು ಬೀಳುತ್ತದೆ. ಎಡಗೈ ಒಂದೇ ದುಡಿದರೆ ಬೆಳಕು ಫ್ಯಾನಿನ ರೆಕ್ಕೆಗೆ ಹಾರುತ್ತದೆ. ಎಡಗೈ ಬಿಲ್ಲೆಯ ಕಡೆ ತೋರುತ್ತಾ, ಬಲಗೈ ಅದೇ ಹದದಲ್ಲಿ ಏರುತ್ತಾ ಎರಡೂ ಒಟ್ಟಿಗೆ ಹೋದಾಗ ಮಾತ್ರ ಬೆಳಕು ಅಲುಗದೆ ಜೇಡರಬಲೆಯಿರುವ ಮೂಲೆಯನ್ನು ದಾಟುತ್ತದೆ. ತಲೆ ಕದಲಬಾರದು. ಕೆನ್ನೆಗೆ ಮರ ತಾಗಿದ ಮೇಲೆ ಹೆಗಲು ತುಸು ಮುಂದೆ ಬಂದು ಹಿಂತುದಿಯನ್ನು ತುಂಬಿಕೊಳ್ಳಬೇಕು. ಹೆಗಲಿಗೆ ಮೊದಲು ಕೊಟ್ಟು ಆಮೇಲೆ ಕತ್ತು ಬಗ್ಗಿಸಿ ಕೆನ್ನೆ ಹುಡುಕುವವರೇ ಹೆಚ್ಚು. ಅವರ ಕೆನ್ನೆ ದಿನಕ್ಕೊಂದು ಕಡೆ ಕೂರುತ್ತದೆ. ಕಣ್ಣು ಮುಚ್ಚಿಕೊಂಡು ಎತ್ತಿ, ಕೆನ್ನೆ ತಾಗಿದ ಮೇಲೆ ಕಣ್ಣು ತೆರೆದು ನೋಡುವುದು ಇನ್ನೊಂದು ಪರೀಕ್ಷೆ: ಮಣಿ ನಳಿಗೆಯ ಮೇಲಿನ ಪಟ್ಟಿಯ ನಡುವೆ ಕೂತಿದ್ದರೆ ಅಳತೆಯೂ ಸರಿ, ಎತ್ತಿದ್ದೂ ಸರಿ. ಬೀರುವಿನ ಕನ್ನಡಿಯ ಮುಂದೆ ಮಾಡಿದರೆ ಮಣಿಯ ಮೇಲೆಯೇ ನಿಮ್ಮ ಕಣ್ಣಗುಡ್ಡೆ ಕಾಣಬೇಕು. ಸದ್ದಿಲ್ಲದೆ, ಮರ ಕೆನ್ನೆಗೆ ಬಂದು ಅಲ್ಲಿಯೇ ಇದ್ದ ಹಾಗೆ ಕೂರುತ್ತದಲ್ಲ, ಆ ಒಂದು ಕ್ಷಣಕ್ಕಾಗಿ ನಾನು ಸೀರಿಯಲ್ಲು, ಕ್ರಿಕೆಟ್ಟು, ವಾಟ್ಸಾಪಿನ ನೆಂಟರು ಎಲ್ಲವನ್ನೂ ಬಿಟ್ಟುಕೊಡಬಲ್ಲೆ.

ದೆಹಲಿಯ ಹವೆ ಈ ಅಳತೆಯ ಜೊತೆ ವರ್ಷವಿಡೀ ಜಗಳವಾಡುತ್ತದೆ. ಮೇ ತಿಂಗಳ ತೆಳ್ಳನೆ ಅಂಗಿಯಲ್ಲಿ ಹದವಾಗಿದ್ದ ಉದ್ದ, ಡಿಸೆಂಬರಿನ ಬನಿಯನ್ನು, ಸ್ವೆಟರು, ಜಾಕೆಟ್ಟುಗಳ ಮೇಲೆ ಒಂದು ಸೆಂಟಿಮೀಟರ್ ಹೆಚ್ಚಾಗಿಬಿಡುತ್ತದೆ. ಹಿಂತುದಿಯ ರಬ್ಬರ್ ಪ್ಯಾಡನ್ನು ಬಿಚ್ಚಿ ತೆಳ್ಳನೆಯದು ಹಾಕುತ್ತೇವೆ. ಬಟ್ಟೆಯ ಲೆಕ್ಕ ಹಾಕದವರು ಚಳಿಗಾಲವಿಡೀ ನಳಿಗೆಯ ಬಾಯಿಯ ಚೋಕು, ತೋಟಾ, ಕನ್ನಡಕ ಬದಲಿಸುತ್ತಾ, ಯಾವುದೂ ಸರಿಯಾಗದೆ ರೇಂಜಿನ ಚಹದ ಮುಂದೆ ಕೂತು ಬೈಯುತ್ತಿರುತ್ತಾರೆ. ಜನವರಿಯ ಮಂಜಿನಲ್ಲಿ ಬಿಲ್ಲೆಯೇ ಕಾಣುವುದಿಲ್ಲ, ಅದಕ್ಕೆ ಯಾವ ಸ್ಟಾಕಿನಲ್ಲೂ ಮದ್ದಿಲ್ಲ.

ಇಟಲಿಯ ಬ್ರೆಷಿಯಾ ಸೀಮೆಯ ಕಾರ್ಖಾನೆಗಳಲ್ಲಿ ಹೊಡೆಯುವವರನ್ನು ನಿಲ್ಲಿಸಿ ಅಳತೆ ತೆಗೆದು ಮರ ಕೆತ್ತಿಕೊಡುತ್ತಾರೆ. ಅಲ್ಲಿನ ಬೆರೆಟ್ಟಾ ಮನೆತನ 1526ರಿಂದ ಈ ಕಸುಬಿನಲ್ಲಿದೆ. ದುಡ್ಡಿದ್ದವರು ಹೋಗಲಿ, ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹತ್ತು ಲಕ್ಷದ ಕೋವಿಯನ್ನು ಹೆಗಲಿಗೆ ಕುಕ್ಕಿಕೊಳ್ಳುವವರನ್ನೂ, ರಟ್ಟು ಅಂಟಿಸಿದ ಹಳೆಯ ಕೋವಿಯಲ್ಲಿ 25ಕ್ಕೆ 25 ಒಡೆಯುವವರನ್ನೂ ಒಂದೇ ಬೆಳಿಗ್ಗೆ ಕಂಡಿದ್ದೇನೆ. ಹಾಂಗ್‌ಜೌ ಏಷ್ಯನ್ ಕ್ರೀಡಾಕೂಟದ ಸ್ಕೀಟ್ ಫೈನಲ್ಲಿನಲ್ಲಿ ನಮ್ಮ ಅನಂತಜೀತ್ ಸಿಂಗ್ ನರೂಕಾ 60ಕ್ಕೆ 58 ಹೊಡೆದು ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಕುವೈತಿನ ಅಬ್ದುಲ್ಲಾ ಅಲ್-ರಶೀದಿ 60ಕ್ಕೆ 60. ಅವರ ವಯಸ್ಸೂ ಆಗ ಅರವತ್ತೇ. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ಸ್ಕೀಟಿನಲ್ಲಿ ನರೂಕಾ ಮತ್ತು ಮಹೇಶ್ವರಿ ಚೌಹಾನ್ ಜೋಡಿಗೆ ಚೀನಾದೆದುರು ಕಂಚು ತಪ್ಪಿದ್ದು 43-44ರಲ್ಲಿ, ಒಂದೇ ಬಿಲ್ಲೆಯಿಂದ.

ಊರಿನ ನೆಂಟರಿಷ್ಟರಿಗೆ ನನ್ನದೊಂದು ಕೋರಿಕೆ. ಮುಂದಿನ ಕೈಲ್ ಪೊಳ್ದಿಗೆ ಕೋವಿ ಒರೆಸಲು ಇಳಿಸಿದಾಗ, ಅದು ಮನೆಯಲ್ಲಿ ಯಾರ ಅಳತೆಯದ್ದು ಎಂದು ಒಮ್ಮೆ ನೋಡಿ. ತೆಂಗಿನಕಾಯಿ ಹೊಡೆಯುವ ಸ್ಪರ್ಧೆಗೆ ಈಗ ಹೆಂಗಸರೂ ಸಾಲಾಗಿ ನಿಲ್ಲುತ್ತಾರೆ. ಅವರ ಮೈಯ ಅಳತೆಗೆ ಇನ್ನೊಂದು ಗಿಡ್ಡ ಸ್ಟಾಕು ಮಾಡಿಸಿ ಇಟ್ಟುಕೊಳ್ಳಿ, ದೊಡ್ಡ ಖರ್ಚೇನೂ ಅಲ್ಲ.