ಪೊರೆ ತೆಗೆದ ಮೇಲೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಕಣ್ಣಿಗೆ ಪೊರೆ ಬಂದವರ ಕೈಯಿಂದ ಕೆಲಸಗಳು ಒಂದೊಂದಾಗಿ ಜಾರುತ್ತವೆ. ಮೊರದಲ್ಲಿ ಕಲ್ಲು ಆರಿಸುವುದು ಸೊಸೆಯ ಪಾಲಾಗುತ್ತದೆ. ಮುಸ್ಸಂಜೆಯಲ್ಲಿ ನಾಲೆ ಏರಿಯ ಮೇಲೆ ನಡೆಯುವುದು ನಿಲ್ಲುತ್ತದೆ. ನೋಟಿನ ಗುರುತು ಸಿಗದೆ ಸಂತೆಯ ವ್ಯವಹಾರ ಮಗನ ಕೈಗೆ ಹೋಗುತ್ತದೆ. ಮನೆಯವರು ಇದಕ್ಕೆಲ್ಲ ವಯಸ್ಸಾಯಿತು ಎನ್ನುತ್ತಾರೆ, ಕಾಣದವರೂ ಹಾಗೆಯೇ ನಂಬುತ್ತಾರೆ. ಹೀಗೆ ಬಿಟ್ಟುಕೊಟ್ಟ ಕೆಲಸಗಳಲ್ಲಿ ಎಷ್ಟು ಮರಳಿ ಕೈಗೆ ಬಂದವು ಎಂದು ನೋಡದೆ, ಗೋಡೆಯ ಮೇಲಿನ ಅಕ್ಷರದ ಪಟ್ಟಿಯಷ್ಟರಿಂದಲೇ ಪೊರೆ ಆಪರೇಷನ್ನಿನ ಫಲ ಅಳೆಯುವುದು ಸಾಲದು.

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಕುರುಡುತನದಲ್ಲಿ ಸುಮಾರು ಶೇ. 66ಕ್ಕೆ ಪೊರೆಯೇ ಕಾರಣ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹೂಡಿ ಲಕ್ಷಾಂತರ ಮಂದಿಗೆ ಬೆಳಕು ಕೊಟ್ಟ ಕಾಲದಲ್ಲಿ, ಪೊರೆಯ ಜೊತೆಗೆ ಕಣ್ಣಿನ ಮಸೂರವೇ ಹೋಗುತ್ತಿತ್ತು. ದಪ್ಪ ಗಾಜಿನ ಕನ್ನಡಕ ಒಡೆದರೆ ಮತ್ತೆ ಕತ್ತಲು. ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲೆ 1949ರಲ್ಲಿ ಲಂಡನ್ನಿನಲ್ಲಿ ಕಣ್ಣೊಳಗೇ ಕೃತಕ ಮಸೂರ ಇಟ್ಟರು. 1992ರಲ್ಲಿ ಮಧುರೈಯ ಆರೋಲ್ಯಾಬ್ ಸಂಸ್ಥೆ ಅದನ್ನು ಅಗ್ಗದಲ್ಲಿ ತಯಾರಿಸತೊಡಗಿದ ಮೇಲೆ ಬಡವರಿಗೂ ಅದು ಎಟುಕಿತು. ಆದರೆ ಶಿಬಿರಗಳ ಮೂಲಕ ಸಾಮಾನ್ಯವಾಗಿ ಹಾಕುವ ಮಸೂರ ಒಂದೇ ದೂರಕ್ಕೆ ಹೊಂದಿಸಿದ್ದು. ಎದುರಿನ ದಿಬ್ಬದ ಮೇಲಿನ ತೆಂಗಿನ ಒಂದೊಂದು ಗರಿಯೂ ಕಾಣುತ್ತದೆ, ಮಡಿಲಲ್ಲಿಟ್ಟ ಮೊರದ ಕಲ್ಲು ಮಂಜಾಗಿರುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಆಪರೇಷನ್ ಯಶಸ್ವಿ. ಹತ್ತಿರದ ನೋಟಕ್ಕೆ ಬೇಕಾದ ಕನ್ನಡಕ ಮನೆ ತಲುಪದಿದ್ದರೆ ಆ ಯಶಸ್ಸು ಅರ್ಧದಲ್ಲೇ ನಿಂತಿರುತ್ತದೆ.

ಸರದಿಯಲ್ಲಿ ಸಾವಿರಾರು ಮಂದಿ ಕಾಯುತ್ತಿರುವಾಗ ಯಾವ ಕೆಲಸ ಮರಳಿ ಕೈಗೆ ಬಂತೆಂದು ಕೇಳುತ್ತ ಕೂರಲು ಪುರುಸೊತ್ತೆಲ್ಲಿ ಎಂಬ ಮಾತಿಗೆ ತೂಕವಿದೆ. ಕಾಣದವನಿಗೆ ಮೊದಲು ಬೇಕಾದದ್ದು ಆಪರೇಷನ್ನೇ. ಆದರೂ ವಿಶ್ವ ಆರೋಗ್ಯ ಸಭೆ 2021ರಲ್ಲಿ ಒಪ್ಪಿದ ಗುರಿ ನೋಡಿ: ಅಲ್ಲಿ ಎಣಿಕೆಗೆ ಬರುವುದು ಒಳ್ಳೆಯ ನೋಟ ಸಿಕ್ಕ ಆಪರೇಷನ್ ಮಾತ್ರ. ವಯಸ್ಸಾದವರು ಡಾಕ್ಟರ ಮನಸ್ಸು ನೋಯಿಸಲಾರದೆ 'ಚೆನ್ನಾಗಿದೆ' ಎಂದುಬಿಡುತ್ತಾರೆ, ಅವರ ಉತ್ತರ ನೆಚ್ಚುವುದು ಹೇಗೆ ಎಂಬ ಆಕ್ಷೇಪವೂ ಉಂಟು. ಅದು ಪ್ರಶ್ನೆಯ ದೋಷ. ನಮ್ಮ ದೇಶದಲ್ಲೇ ಸಿದ್ಧವಾದ, ದಿನನಿತ್ಯದ ನೋಟವನ್ನು ವಿಚಾರಿಸುವ 33 ಪ್ರಶ್ನೆಗಳ ಪಟ್ಟಿಯೊಂದಿದೆ. ಅಷ್ಟೂ ಬೇಡ, ಆಪರೇಷನ್ನಿಗೆ ಮುಂಚೆ ಒಮ್ಮೆ, ತಿಂಗಳೆರಡರ ನಂತರ ಇನ್ನೊಮ್ಮೆ ಆಶಾ ಕಾರ್ಯಕರ್ತೆ ಜಗಲಿಯಲ್ಲಿ ಕೂತು, 'ಅವ್ವಾ, ಮೊರದಲ್ಲಿ ಕಲ್ಲು ಕಾಣ್ತವಾ? ನಾಲೆ ಏರಿ ಮೇಲೆ ಒಬ್ರೇ ಬತ್ತೀರಾ?' ಎಂದು ಕೇಳಲಿ. ಇಂಥ ಪ್ರಶ್ನೆಗೆ ದಾಕ್ಷಿಣ್ಯದ ಉತ್ತರ ಕೊಡುವುದು ಕಷ್ಟ.

ಈ ವಯಸ್ಸಿಗೆ ಒಂದು ಕಣ್ಣು ಸಾಕು ಎಂಬ ಮಾತೇ ನನಗೆ ಹೆಚ್ಚು ನೋವಿನದು, ಏಕೆಂದರೆ ಅದನ್ನು ಹೇಳುವವರು ಹೆಚ್ಚಾಗಿ ಆ ಹಿರಿಯರೇ. ಮನೆಗೆ ಭಾರವಾಗಬಾರದೆಂಬ ಸಂಕೋಚ ಅದು. ಆಳ ತಿಳಿಯಲು ಎರಡೂ ಕಣ್ಣು ಕೂಡಿ ನೋಡಬೇಕು. ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟ ಹತ್ತುವಾಗ ಹೇಗೋ ನಡೆದೀತು, ಇಳಿಯುವಾಗ ಮೆಟ್ಟಿಲಿನ ಅಂಚು ಎಲ್ಲಿ ಮುಗಿಯಿತೆಂದು ಒಂಟಿ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ. ಪೊರೆ ಪೂರ್ತಿ ಮಾಗಲಿ ಎಂದು ಕಾಯುವುದೂ ಹಳೆಯ ವಿಧಾನದ ಕಾಲದ ಸಲಹೆ. ಈಗ ತಡಮಾಡಿದಷ್ಟೂ ಪೊರೆ ಗಟ್ಟಿಯಾಗಿ ಆಪರೇಷನ್ ಕಠಿಣವಾಗುತ್ತದೆ, ಕೆಲವೊಮ್ಮೆ ಕಣ್ಣಿನ ಒತ್ತಡ ಏರಿ ನೋಟವೇ ಹೋಗುತ್ತದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜೇ ಇದೆ, ಮಂಡ್ಯ ಮೈಸೂರು ದೂರವಲ್ಲ. ಆದರೆ ಹತ್ತಿರದ ಆಸ್ಪತ್ರೆಗೂ ಕರೆದೊಯ್ಯುವ ಮಗನ ಒಂದು ದಿನದ ಕೂಲಿ ಹೋಗುತ್ತದೆ. ಕರೆತರಲು ವ್ಯಾನು ಕಳಿಸುವ ಶಿಬಿರಗಳು ಕನ್ನಡಕದ ದಿನಕ್ಕೂ, ಎರಡನೆಯ ಕಣ್ಣಿಗೂ ಅದೇ ವ್ಯಾನನ್ನು ಮತ್ತೆ ಹಳ್ಳಿಗೆ ಕಳಿಸಬೇಕು.