ದಂಡಿನ ಮೂಕ ರೀಲು

ದೀಪ ಆರಿಸುತ್ತಾರೆ. ತೆರೆಯ ಮೇಲೆ ಮೊದಲು ಗೀರು, ಧೂಳಿನ ಚುಕ್ಕೆ, ನಡುಗುವ ಬೆಳಕು. ಅದರೊಳಗಿಂದ ಯುವಕನೊಬ್ಬ ಮೂಡುತ್ತಾನೆ. ತೋಳು ಚಾಚುತ್ತಾನೆ, ಬೆರಳುಗಳು ಮುದ್ರೆ ಹಿಡಿಯುತ್ತವೆ. ಗೆಜ್ಜೆಗಾಗಿ ನಿಮ್ಮ ಕಿವಿ ತಾನಾಗಿ ನಿಮಿರುತ್ತದೆ, ರೀಲಿಗೆ ಸದ್ದಿಲ್ಲ. ವರ್ಷ 1938, ಊರು ಬೆಂಗಳೂರು, ಕುಣಿಯುತ್ತಿರುವವರು ರಾಮ್ ಗೋಪಾಲ್.

ಕ್ಯಾಮೆರಾ ಹಿಡಿದವರು ಟಾಮ್ ಡಿ'ಅಗಿಯಾರ್, ಇಲ್ಲಿನ ಆಂಗ್ಲೋ ಇಂಡಿಯನ್ ಹವ್ಯಾಸಿ. ಎಂಟು ಮಿಲಿಮೀಟರ್ ಚಿತ್ರದ ಲೆಕ್ಕ ಬಲು ಬಿಗಿ. 25 ಅಡಿಯ ರೀಲು ಒಂದು ಅಂಚಿನಲ್ಲಿ ಓಡಿ ಮುಗಿದ ಮೇಲೆ ತಿರುವಿ ಹಾಕಿ ಇನ್ನೊಂದು ಅಂಚಿನಲ್ಲಿ ಓಡಿಸಬೇಕು; ತೊಳೆದು, ಉದ್ದಕ್ಕೆ ಸೀಳಿ, ಅಂಟಿಸಿದರೆ ಸಿಗುವುದು ಸುಮಾರು ನಾಲ್ಕು ನಿಮಿಷ. ಅದು ಗೊತ್ತಿದ್ದರೆ ಒಂದೊಂದು ತಿರುವನ್ನೂ ಜುಗ್ಗರಂತೆ ನೋಡುತ್ತೀರಿ.

ಇಂಥ ಮನೆರೀಲುಗಳನ್ನು ಹುಡುಕಿ ಕಲೆಯಾಗಿಸಿದವರು ಬೆಂಗಳೂರಿನ ಆಯಿಷಾ ಅಬ್ರಹಾಂ. ಡಿ'ಅಗಿಯಾರ್ ಸಂಗ್ರಹದಿಂದ 'ಸ್ಟ್ರೇಟ್ 8' ಚಿತ್ರ ಕಟ್ಟಿದರು, ಆಮೇಲೆ ರಾಮ್ ಗೋಪಾಲರ ಜಾಡು ಹಿಡಿದು 'ಐ ಸಾ ಎ ಗಾಡ್ ಡಾನ್ಸ್'.

ರೀಲು ತೆಗೆದ ಮರುವರ್ಷವೇ ರಾಮ್ ಗೋಪಾಲರ ಕಾಲುಗಳು ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನ ಹಲಗೆ ಮೆಟ್ಟುತ್ತವೆ. ಕುಂಜು ಕುರುಪ್ ಕಲಿಸಿದ ಕಥಕ್ಕಳಿ, ಮೀನಾಕ್ಷಿಸುಂದರಂ ಪಿಳ್ಳೈ ತಿದ್ದಿದ ಭರತನಾಟ್ಯ ಅಲ್ಲಿನ ಕಣ್ಣಿಗೆ ಬೀಳುತ್ತವೆ. 1960ರಲ್ಲಿ ಬ್ಯಾಲೆ ತಾರೆ ಅಲಿಸಿಯಾ ಮಾರ್ಕೋವಾ ರಾಧೆ, ಇವರು ಕೃಷ್ಣ. 1999ರಲ್ಲಿ ಬ್ರಿಟನ್ನಿನ ಒಬಿಇ ಗೌರವ, 2003ರಲ್ಲಿ ಇಂಗ್ಲೆಂಡಿನಲ್ಲೇ ಸಾವು. ಬ್ರಿಟನ್ನಿನ ನೃತ್ಯಚರಿತ್ರೆ ಬರೆಯುವವರು ಇವರನ್ನು ದಾಟಿ ಹೋಗಲಾರರು. ನಾವು ಸಲೀಸಾಗಿ ದಾಟಿ ಬಂದೆವು. ತಂದೆ ರಜಪೂತರು, ತಾಯಿ ಬರ್ಮಾದವರು, ವಾಸ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ: ಇಂಥವರನ್ನು ನಮ್ಮೂರಿನವರು ಎಂದುಕೊಳ್ಳುವ ಅಭ್ಯಾಸ ಪೇಟೆ ಕಡೆಯ ನಮಗೆ ಇರಲೇ ಇಲ್ಲ. ಮೈಸೂರು ಅರಮನೆಯ ಕಲಾವಿದರ ಹೆಸರು ಕೇಳಿ, ಪಟಪಟ ಹೇಳುತ್ತೇವೆ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ದಂಡು ರೈಲು ನಿಲ್ದಾಣ ಬಳಸಿ, ಖುದ್ದೂಸ್ ಸಾಹೇಬ್ ಈದ್ಗಾದ ಕಡೆಯಿಂದ ಬೆನ್ಸನ್ ಟೌನಿಗೆ ನಡೆಯಿರಿ. ಹಾರ್ನು, ಎಲ್ಲೋ ಕಲ್ಲು ಕೊರೆಯುವ ಯಂತ್ರ, ಯಾವುದೋ ಅಡುಗೆಮನೆಯಿಂದ ಹುರಿದ ಈರುಳ್ಳಿಯ ವಾಸನೆ. ರಾಮ್ ಗೋಪಾಲ್ ಬೆಳೆದ 'ಟಾರ್ಕೀ ಕ್ಯಾಸಲ್' ಈ ಬಡಾವಣೆಯದು. ಹೆಸರಲ್ಲೇ ಇಂಗ್ಲೆಂಡಿನ ಕಡಲತಡಿಯ ಊರು ಟಾರ್ಕೀಯನ್ನು ಹೊತ್ತ ಮನೆಯಿಂದ ಇಂಗ್ಲೆಂಡಿಗೆ ಹೊರಟ ಹುಡುಗ!

ಮೂಲೆಯಲ್ಲಿ ನಿಂತ ಆಟೋದವರನ್ನು ಕೇಳುತ್ತೀರಿ: "ಅಣ್ಣಾ, ರಾಮ್ ಗೋಪಾಲ್ ಅಂತ, ಡಾನ್ಸರ್, ಅವರ ಮನೆ ಎಲ್ಲಿತ್ತು?"

"ರಾಮ್ ಗೋಪಾಲಾ? ಯಾವ ಕ್ರಾಸು ಸಾರ್? ಲೊಕೇಶನ್ ಇದ್ರೆ ತೋರ್ಸಿ."