ಎರಡು ಸರ್ವರ್ ಇದ್ದವು, ನಮ್ಮ ಕಾಗದ ಮಾತ್ರ ಉಳಿಯಲಿಲ್ಲ

ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ನಾವು ಟೀ ಕುಡಿಯುತ್ತಿದ್ದೆವು. ಪಕ್ಕದೂರಿನ ಯಜಮಾನರೊಬ್ಬರು ಪೇಪರ್ ಮಡಚಿ ಟೇಬಲ್ ಮೇಲಿಟ್ಟು ಕೇಳಿದರು: "ಎಷ್ಟು ಕೊಟ್ರಪ್ಪಾ ಇಂಜಿನಿಯರು?"

ಅವತ್ತಿನ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಿನ ಸ್ಪಷ್ಟನೆ ಬಂದಿತ್ತು. ಕೆರೆ ಏರಿ ಬಗ್ಗೆ ನಾವು ಬರೆದಿದ್ದ ಸುದ್ದಿಗೆ ಪತ್ರಿಕೆ ವಿಷಾದ ಹೇಳಿತ್ತು. ನಮಗೆ ಯಾರೂ ಒಂದು ರೂಪಾಯಿ ಕೊಟ್ಟಿರಲಿಲ್ಲ. ಸುದ್ದಿಯೂ ಸುಳ್ಳಾಗಿರಲಿಲ್ಲ. ನಾವು ಕಳೆದುಕೊಂಡಿದ್ದು ಒಂದು ಇಮೇಲ್. ಅದು ಹೇಗೆ ಹೋಯಿತು ಅಂತ ಅವರಿಗೆ ಅವತ್ತು ಬಿಡಿಸಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ನಾವು ಮೂವರು ಒಟ್ಟಿಗೆ ಪತ್ರಿಕೋದ್ಯಮ ಡಿಪ್ಲೊಮಾ ಓದಿದವರು. ಒಂದೇ ಪತ್ರಿಕೆಗೆ ಮೂರು ಹೋಬಳಿಗಳಿಂದ ಸುದ್ದಿ ಕಳಿಸುವ ಬಿಡಿ ಸುದ್ದಿಗಾರರು. ಒಂದು ಬಾಡಿಗೆ ಕೋಣೆ, ಒಂದು ಹಳೇ ಕಂಪ್ಯೂಟರ್, ಮೂವರಿಗೂ ಸೇರಿ ಪತ್ರಿಕೆ ಕೊಟ್ಟ ಒಂದೇ ಇಮೇಲ್ ವಿಳಾಸ. ಇಷ್ಟೇ ನಮ್ಮ ಆಫೀಸು.

ಈ ಕಥೆಗೆ ಒಂದು ಹಿಂದಿನ ಕಥೆಯಿದೆ. ಒಂದು ರಾತ್ರಿ ಹೆಡ್ ಆಫೀಸಿನ ಇಮೇಲ್ ಸರ್ವರ್ ಸುಟ್ಟುಹೋಯಿತು. ನಾವು ಜಾತ್ರೆಯ ಸುದ್ದಿ ಕಳಿಸುತ್ತಿದ್ದೆವು. ಪರದೆ ಒಂದೆರಡು ನಿಮಿಷ ನಿಂತು ಮತ್ತೆ ನಡೆಯಿತು. ಒಂದು ಕಾಗದವೂ ಹೋಗಿರಲಿಲ್ಲ. ಮರುದಿನ ಫೋನ್ ಮಾಡಿ ಕೇಳಿದೆವು. ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವರನ್ನು ನಾವು ಸಿಸ್ಟಂ ಸಾರ್ ಅನ್ನುತ್ತಿದ್ದೆವು. "ಎರಡು ಸರ್ವರ್ ಇಟ್ಟಿದೀವಿ ಕಣ್ರಯ್ಯ. ಒಂದು ಬಿದ್ರೆ ಇನ್ನೊಂದು ಎದ್ದು ನಿಲ್ಲುತ್ತೆ" ಎಂದರು.

ಅವರು ಹೇಳಿದ್ದನ್ನು ನಾವು ಹಾಲಿನ ಡೈರಿ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆವು. ಡೈರಿ ಕಾರ್ಯದರ್ಶಿ ಯಾರು ಎಷ್ಟು ಲೀಟರ್ ಹಾಕಿದರು ಅಂತ ಮೊದಲು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಪುಸ್ತಕಕ್ಕೆ ಏರಿಸುತ್ತಾರೆ ಅಂದುಕೊಳ್ಳಿ. ಸಹಾಯಕ ಅದೇ ಚೀಟಿಗಳನ್ನು ನೋಡಿ ಇನ್ನೊಂದು ಪುಸ್ತಕದಲ್ಲಿ ಬರೆಯುತ್ತಾನೆ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಎಂಬ ಇಮೇಲ್ ವ್ಯವಸ್ಥೆಯಲ್ಲೂ ಹೀಗೆಯೇ. ಬಂದ ಕಾಗದ, ಹೋದ ಕಾಗದ, ಅಳಿಸಿದ ಕಾಗದ ಎಲ್ಲವೂ ಮೊದಲು 'ಲಾಗ್' ಎಂಬ ಚೀಟಿಗೆ ಬೀಳುತ್ತವೆ. ಒಂದೊಂದು ಚೀಟಿ 1 ಎಂಬಿ. ಅದು ಎರಡನೇ ಸರ್ವರ್‌ಗೆ ಹೋಗುತ್ತದೆ, ಅಲ್ಲಿ ಮತ್ತೊಮ್ಮೆ ಪುಸ್ತಕಕ್ಕೆ ಏರುತ್ತದೆ. ಇದಕ್ಕೆ ರೆಪ್ಲಿಕೇಶನ್ ಅನ್ನುತ್ತಾರೆ. ಎಕ್ಸ್‌ಚೇಂಜ್ 2010ರಿಂದ ಒಂದು ಗುಂಪಿನಲ್ಲಿ 16 ಸರ್ವರ್‌ಗಳವರೆಗೆ ಸೇರಿಸಬಹುದು. ಕೆಲಸ ನಡೆಸುತ್ತಿದ್ದ ಸರ್ವರ್ ಬಿದ್ದಾಗ ಇನ್ನೊಂದು ಆ ಜಾಗಕ್ಕೆ ಬರುವುದೇ ಫೇಲ್‌ಓವರ್.

ಬಿದ್ದಿದ್ದು ಗೊತ್ತಾಗುವುದು ಹೇಗೆ? ಸರ್ವರ್‌ಗಳು ಕ್ಷಣಕ್ಷಣಕ್ಕೂ ಒಂದನ್ನೊಂದು "ಇದ್ದೀಯಾ?" ಅಂತ ಕೇಳುತ್ತಿರುತ್ತವೆ. ಉತ್ತರ ಬಾರದಿದ್ದರೆ ಆ ಕಡೆಯದು ಸತ್ತಿರಬಹುದು, ಇಲ್ಲವೇ ನಡುವಿನ ತಂತಿ ಮಾತ್ರ ಹೋಗಿರಬಹುದು. ತಂತಿ ಹೋದಾಗ ಇಬ್ಬರೂ "ಇನ್ನು ನಾನೇ ಕಾರ್ಯದರ್ಶಿ" ಅಂತ ಬರೆಯಲು ಕೂತರೆ ಒಂದೇ ಡೈರಿಗೆ ಎರಡು ಬೇರೆ ಬೇರೆ ಲೆಕ್ಕ ಆಗುತ್ತದೆ. ಅದಕ್ಕೇ ಸಾಕ್ಷಿಗೆ ಮೂರನೇ ಯಂತ್ರವೊಂದನ್ನು ಇಟ್ಟಿರುತ್ತಾರೆ. ಮೂರರಲ್ಲಿ ಎರಡು ಮತ ಸಿಕ್ಕಿದವನೇ ಬರೆಯಬೇಕು, ಇನ್ನೊಬ್ಬ ಪೆನ್ನು ಕೆಳಗಿಡಬೇಕು. ನಮ್ಮ ಪಂಚಾಯ್ತಿ ಕಟ್ಟೆಯ ನ್ಯಾಯದ ಹಾಗೆಯೇ.

ಇದನ್ನೆಲ್ಲ ಕೇಳಿ ನಮಗೆ ಧೈರ್ಯ ಬಂತು. ಧೈರ್ಯ ಹೆಚ್ಚೇ ಬಂತು. ಪೆನ್ ಡ್ರೈವ್‌ಗೆ ಹಾಕಿಡುವುದು, ಪ್ರಿಂಟ್ ತೆಗೆದಿಡುವುದು ಎಲ್ಲ ಬಿಟ್ಟೆವು. ಎಲ್ಲವೂ ಎರಡೆರಡು ಕಡೆ ಇದೆಯಲ್ಲ!

ಆಮೇಲೆ ಕೆರೆ ಏರಿಯ ಸುದ್ದಿ ಬಂತು. ರಿಪೇರಿ ಅರ್ಧಕ್ಕೇ ನಿಂತಿತ್ತು, ತೂಬಿನ ಹತ್ತಿರ ಮಣ್ಣೇ ಬಿದ್ದಿರಲಿಲ್ಲ, ಬಿಲ್ ಮಾತ್ರ ಪೂರ್ತಿ ಆಗಿತ್ತು. ಸಂಬಂಧಪಟ್ಟ ಇಂಜಿನಿಯರಿಗೆ ಇಮೇಲ್‌ನಲ್ಲಿ ಪ್ರಶ್ನೆ ಕಳಿಸಿದೆವು. ಅವರು ಕೆಲಸ ಬಾಕಿ ಇರುವುದು ನಿಜ ಎಂದು ಎರಡು ಸಾಲಿನಲ್ಲಿ ಉತ್ತರ ಬರೆದರು. ಅದನ್ನೇ ಅವರ ಹೇಳಿಕೆಯಾಗಿ ಹಾಕಿದೆವು. ಸುದ್ದಿ ಅಚ್ಚಾಯಿತು, ಊರಿನವರು ಖುಷಿಪಟ್ಟರು.

ಐದು ತಿಂಗಳಾದ ಮೇಲೆ ಲಾಯರ್ ನೋಟಿಸ್ ಬಂತು. "ನಾನು ಹಾಗೆ ಹೇಳಿಯೇ ಇಲ್ಲ." ಸರಿ, ಕಾಗದ ತೋರಿಸೋಣ ಅಂತ ಹುಡುಕಿದರೆ ಅದು ಇಲ್ಲ. ಎರಡು ತಿಂಗಳ ಹಿಂದೆ ಇಮೇಲ್ ಪೆಟ್ಟಿಗೆ ತುಂಬಿ ಹೊಸ ಕಾಗದ ಬರುವುದು ನಿಂತಿತ್ತು. ಜಾಗ ಮಾಡಲು ಹಳೆಯದೆಲ್ಲ ಒಟ್ಟಿಗೆ ಅಳಿಸಿ ಕಸದ ಪೆಟ್ಟಿಗೆಯನ್ನೂ ಖಾಲಿ ಮಾಡಿದ್ದೆವು. ಮೂವರಲ್ಲಿ ಯಾರ ಕೈ ಅಂತ ಇಲ್ಲಿ ಬರೆಯುವುದಿಲ್ಲ. ಮೂವರೂ ಅಲ್ಲೇ ಕೂತಿದ್ದೆವು.

"ಸಾರ್, ಎರಡನೇ ಸರ್ವರ್‌ನಿಂದ ತೆಗೆದುಕೊಡಿ" ಅಂತ ಫೋನ್ ಮಾಡಿದೆವು. ಸಿಸ್ಟಂ ಸಾರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಳಿಸಿದ್ದೂ ಒಂದು ಲೆಕ್ಕ ಅಲ್ಲವಾ? ಅದರ ಚೀಟಿಯೂ ಆ ಕಡೆ ಹೋಗುತ್ತೆ. ನೀವು ಇಲ್ಲಿ ಅಳಿಸಿದ ಸ್ವಲ್ಪ ಹೊತ್ತಿಗೆ ಅಲ್ಲೂ ಅಳಿಸಿಹೋಗಿರುತ್ತೆ" ಎಂದರು. ಅಳಿಸಿದ ಕಾಗದವನ್ನು ಸರ್ವರ್ ಸಾಮಾನ್ಯವಾಗಿ 14 ದಿನ ಒಳಗೇ ಹಿಡಿದಿಟ್ಟುಕೊಂಡಿರುತ್ತದೆ. ಬೇಕೆಂದೇ ಹಿಂದುಳಿಸಿ ಇಡುವ ಪ್ರತಿಯೂ ಒಂದು ಬಗೆ ಇದೆ, ಅದರಲ್ಲೂ ಹಿಂದುಳಿಯುವುದು ಹೆಚ್ಚೆಂದರೆ 14 ದಿನವೇ. ನಾವು ಕೇಳಿದ್ದು ಎರಡು ತಿಂಗಳಾದ ಮೇಲೆ.

ಕೊನೆಯ ಆಸೆ ವಾರಕ್ಕೊಮ್ಮೆ ಬೇರೆ ಡಿಸ್ಕ್‌ಗೆ ತೆಗೆಯುವ ಬ್ಯಾಕಪ್ ಮೇಲಿತ್ತು. ಡಿಸ್ಕ್ ತುಂಬಿ ಆರೇಳು ತಿಂಗಳಿಂದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಯಾರೂ ತೆರೆದು ನೋಡಿರಲಿಲ್ಲ. ಸಾಕ್ಷಿ ಇಲ್ಲದ ಮೇಲೆ ಪತ್ರಿಕೆ ಸ್ಪಷ್ಟನೆ ಹಾಕಿತು.

ನಮ್ಮ ಪತ್ರಿಕೆಯಂಥ ಸಣ್ಣ ಕಡೆ ಮಾತ್ರ ಹೀಗಾಗುತ್ತದೆ ಅಂದುಕೊಂಡಿದ್ದೆವು. ಆಮೇಲೆ ಓದುತ್ತಾ ಹೋದೆವು. 2011ರ ಫೆಬ್ರವರಿ 27ರಂದು ಜಿಮೇಲ್‌ನಲ್ಲಿ ಕೆಲವರ ಪೆಟ್ಟಿಗೆ ಇದ್ದಕ್ಕಿದ್ದಂತೆ ಖಾಲಿಯಾಗಿತ್ತು. ಅಂಥವರು ಒಟ್ಟು ಬಳಕೆದಾರರಲ್ಲಿ ಶೇಕಡಾ 0.02ರಷ್ಟು. ಗೂಗಲ್ ಒಂದೊಂದು ಕಾಗದಕ್ಕೂ ಹಲವು ಡೇಟಾ ಸೆಂಟರ್‌ಗಳಲ್ಲಿ ಪ್ರತಿ ಇಟ್ಟಿತ್ತು. ಆದರೆ ಹೊಸದಾಗಿ ಹಾಕಿದ ಸಾಫ್ಟ್‌ವೇರ್‌ನಲ್ಲೇ ದೋಷವಿದ್ದ ಕಾರಣ ಹಲವು ಪ್ರತಿಗಳು ಒಟ್ಟಿಗೆ ಹಾಳಾದವು. ಅವರನ್ನು ಕಾಪಾಡಿದ್ದು ಜಾಲದಿಂದ ಹೊರಗಿದ್ದ ಟೇಪ್‌ಗಳು. ಹಳೇ ಕ್ಯಾಸೆಟ್‌ನಂಥ ಟೇಪ್‌ನಿಂದ ಓದಿ ಓದಿ ಕಾಗದಗಳನ್ನು ವಾಪಸ್ ತುಂಬಿದರು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಎರಡನೇ ಸರ್ವರ್ ಹಿಂದೆ ಬಿದ್ದಿತ್ತು. ಅದನ್ನು ಸರಿಮಾಡಲು ಹೋದ ಇಂಜಿನಿಯರ್ ಒಬ್ಬರು ಎರಡನೆಯದು ಅಂದುಕೊಂಡು ಮೊದಲನೆಯದನ್ನೇ ಅಳಿಸಿಬಿಟ್ಟರು. ಬ್ಯಾಕಪ್ ನೋಡಿದರೆ ಖಾಲಿ. ಬ್ಯಾಕಪ್ ಆಗುತ್ತಿಲ್ಲ ಅಂತ ಎಚ್ಚರಿಸುವ ಇಮೇಲ್‌ಗಳೂ ಅವರಿಗೆ ತಲುಪಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಸಿಕ್ಕಿದ್ದರಿಂದ ಉಳಿದುಕೊಂಡರು.

ನಮಗೆ ತಿಳಿದದ್ದು ಇಷ್ಟು. ಜೊತೆಜೊತೆಗೇ ನಡೆಯುವ ನಕಲು ಯಂತ್ರದ ಸಾವಿನಿಂದ ಕಾಪಾಡುತ್ತದೆ, ಮನುಷ್ಯನ ತಪ್ಪಿನಿಂದ ಕಾಪಾಡುವುದಿಲ್ಲ. ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ.

ನಿಮ್ಮ ಫೋನಿಗೂ ಇದು ಅನ್ವಯ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದೆ ಅಂತ ಅದರೊಳಗೇ ಫೋಟೊ ಅಳಿಸಿದರೆ ಫೋನಿನಲ್ಲೂ ಹೋಗುತ್ತದೆ, ಗೂಗಲ್‌ನಲ್ಲೂ ಹೋಗುತ್ತದೆ. ಬ್ಯಾಕಪ್ ಆಗಿದ್ದ ಫೋಟೊ ಕಸದ ಪೆಟ್ಟಿಗೆಯಲ್ಲಿ 60 ದಿನ ಇರುತ್ತದೆ, ಅಷ್ಟರೊಳಗೆ ನೆನಪಾದರೆ ಸಿಗುತ್ತದೆ. ಪಹಣಿ, ಸಾಲದ ರಸೀದಿ, ಕ್ರಯಪತ್ರದ ಫೋಟೊಗಳನ್ನು ಇನ್ನೊಂದು ಮೆಮೊರಿ ಕಾರ್ಡಿಗೋ ಪೆನ್ ಡ್ರೈವಿಗೋ ಹಾಕಿ, ಹೊರತೆಗೆದು ಬೀರುವಿನಲ್ಲಿಡಿ. ಆರು ತಿಂಗಳಿಗೊಮ್ಮೆ ಹಾಕಿ ತೆರೆಯುತ್ತದೆಯೇ ನೋಡಿ. ನಾವೂ ಈಗ ಪ್ರತಿ ಹೇಳಿಕೆಯ ಪ್ರಿಂಟ್ ತೆಗೆದು, ತಾರೀಕು ಬರೆದು ಫೈಲಿಗೆ ಸೇರಿಸುತ್ತೇವೆ. ಒಂದು ಹಾಳೆಗೆ ಎರಡು ರೂಪಾಯಿ ಖರ್ಚು.

ಕೊನೆಗೊಂದು ದಿನ ಆ ಯಜಮಾನರಿಗೂ ಇದನ್ನೆಲ್ಲ ಹೇಳಿದೆವು. ಅವರು ಹಿಂದೆ ತಮ್ಮೂರ ಡೈರಿಯ ಲೆಕ್ಕ ಬರೆದವರು. ಪೂರ್ತಿ ಕೇಳಿಸಿಕೊಂಡು, "ವರ್ಷ ಮುಗಿದ ಮೇಲೆ ಹಳೇ ಪುಸ್ತಕಕ್ಕೆ ಬೀಗ ಹಾಕಿ ಇಡ್ತಿದ್ವಿ. ನೀವು ಅಷ್ಟೂ ಮಾಡಲಿಲ್ವಾ?" ಎಂದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಟೀ ದುಡ್ಡು ಮಾತ್ರ ಅವರೇ ಕೊಟ್ಟರು. ಏರಿ ಇನ್ನೂ ಅರ್ಧಕ್ಕೇ ನಿಂತಿದೆ. ಮತ್ತೆ ಬರೆಯಲು ದಾಖಲೆ ಸೇರಿಸುತ್ತಿದ್ದೇವೆ, ಈ ಸಲ ಕಾಗದದ ಮೇಲೆ.